ಬಿಲ್ಲು ಬಾರದ ನೀರು

ಮಾರ್ಚ್ 5, 2025, ಬೂದಿ ಬುಧವಾರ

ಬೆಳಿಗ್ಗೆ ಇಗರ್ಜಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. ಈಸ್ಟರ್ ಬರುವವರೆಗೆ ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದನ್ನು ಬಿಡಬೇಕೆಂದು ಫಾದರ್ ಹೇಳಿದರು. ನಿಟ್ಟೆಯಿಂದ ಗಂಡ ಲಿಯೋನೆಲ್ ಫೋನು ಮಾಡಿ, ತಾನು ಸಂಜೆಯ ಪೆಗ್ಗು ಬಿಟ್ಟೆ, ನೀನು ಎಂತ ಬಿಡ್ತೀ ಎಂದು ಕೇಳಿದರು. ಸಿಹಿ ಬಿಡ್ತೇನೆ ಅಂದೆ.

"ಸಿಹಿ ನೀನು ಮೊದಲೇ ತಿನ್ನುದಿಲ್ಲ ಮಾರಾಯ್ತಿ. ಸಿಲ್ವೆಸ್ಟರನಿಗೆ ಬೈಯುದು ಬಿಡು. ಅದಕ್ಕಿಂತ ಪ್ರಿಯವಾದದ್ದು ನಿನಗೆ ಬೇರೆ ಎಂತ ಉಂಟು?"

ಹಾಸ್ಟೆಲಿನ ಮೆಸ್ಸಿನಲ್ಲಿ ಇಡೀ ವಾರ ಅಡುಗೆ ಮಾಡಿ ಶನಿವಾರ ಮನೆಗೆ ಬರುವ ಮನುಷ್ಯನಿಗೆ ಜಗಳವಿಲ್ಲದ ಭಾನುವಾರ ಬೇಕು. ಆಯಿತು, ಬಿಟ್ಟೆ. ಬಾಯಿಗೆ ಮಾತ್ರ ವ್ರತ, ಕೈಗಿಲ್ಲ. ಅದಕ್ಕೆ ಈ ಪುಸ್ತಕ ತಂದಿದ್ದೇನೆ. ಬೈಯಬೇಕೆನಿಸಿದ್ದನ್ನೆಲ್ಲ ಇಲ್ಲಿ ಬರೆದು ಮುಚ್ಚಿಡುವುದು.

ಸಿಲ್ವೆಸ್ಟರ್ ಎಂಬವನು ನನ್ನ ಗಂಡನ ದೊಡ್ಡಪ್ಪನ ಮಗ. ಮಸ್ಕತ್ತಿನಿಂದ ಬಂದು ನಮ್ಮ ಪಾಗಾರದ ಗೋಡೆಯ ಆಚೆ ತೆಂಗಿನ ತೋಟ ಮಾಡಿಕೊಂಡಿದ್ದಾನೆ. ತೋಟಕ್ಕೆ ಬೋರ್‌ವೆಲ್, ಬೋರ್‌ವೆಲ್ಲಿಗೆ ಹತ್ತು ಎಚ್‌ಪಿಯ ಪಂಪು. ಹತ್ತರವರೆಗೆ ಸರಕಾರ ಬಿಲ್ಲು ಕೇಳುವುದಿಲ್ಲ, ಅದಕ್ಕೇ ಸರಿಯಾಗಿ ಹತ್ತು. ಸಾಲದ್ದಕ್ಕೆ ಆಟೋ ಸ್ಟಾರ್ಟರ್ ಬೇರೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಪಂಪು ತಾನಾಗಿಯೇ ಶುರುವಾಗುತ್ತದೆ, ಹೋದಾಗ ನಿಲ್ಲುತ್ತದೆ. ಟಾಂಕಿ ತುಂಬಿದರೂ ನಿಲ್ಲಿಸುವವರಿಲ್ಲ. ಇವತ್ತು ಬೂದಿ ಹಚ್ಚಿಕೊಂಡು ಬರುವಾಗಲೂ ಅವನ ಟಾಂಕಿಯ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ಮನೆಗೆ ಬಂದು ನನ್ನ ಬಾವಿಗೆ ಕೊಡಪಾನ ಇಳಿಸಿದರೆ ಅಡಿಯ ಕಲ್ಲಿಗೆ ಬಡಿದ ಶಬ್ದ ಬಂತು.

ಈ ಅಂಗಳದ ಮಲ್ಲಿಗೆ ಗಿಡಗಳೆಲ್ಲ ನಾನು ಮದುವೆಯಾಗಿ ಬಂದ ಮೇಲೆ ನೆಟ್ಟವು. ಮಾರ್ಚಿನಲ್ಲಿ ನೀರು ತಪ್ಪಿದರೆ ಮೊಗ್ಗು ಹಿಡಿಯುವುದಿಲ್ಲ. ಮದುವೆ, ದೈವದ ನೇಮಗಳ ಕಾಲದಲ್ಲಿ ಹೂವಿಲ್ಲದಿದ್ದರೆ ಶಂಕರಪುರದಲ್ಲಿ ಮಲ್ಲಿಗೆ ಬೆಳೆದೂ ಪ್ರಯೋಜನವಿಲ್ಲ. ನನ್ನ ಬಾವಿಗೂ ಬಿಲ್ಲಿಲ್ಲದ ಪಂಪು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಎರಡು ಎಚ್‌ಪಿ. ಗಿಡಕ್ಕೆ ಸಾಕಾದ ಕೂಡಲೇ ನಾನೇ ಹೋಗಿ ಬಂದ್ ಮಾಡುತ್ತೇನೆ.

ಮಾರ್ಚ್ 7, ಶುಕ್ರವಾರ

ಜೇನು ಸುರಿಯುವ ದನಿಯಲ್ಲಿ, ಹೆಸರಿಗೆ ಮರ್ಯಾದೆಯ ಬಾಬ್ ಸೇರಿಸಿ, ಹೋಗಿ ಕೇಳಿದೆ. "ಸಿಲ್ವೆಸ್ಟರ್ ಬಾಬ್, ನೀರು ರಸ್ತೆಗೆ ಹೋಗ್ತಾ ಉಂಟಲ್ವಾ. ಟಾಂಕಿ ತುಂಬಿದ ಮೇಲೆ ಸ್ವಲ್ಪ ಬಂದ್ ಮಾಡಬಹುದಾ?"

ಅವನು ಕುರ್ಚಿಯಿಂದ ಏಳಲೂ ಇಲ್ಲ. "ಅದು ಆಟೋದಲ್ಲಿ ಉಂಟು ತೆರೆಸಾ. ನಾನು ತೋಟದವರೆಗೆ ಹೋಗಿ ಬಂದ್ ಮಾಡಿದ್ರೆ ನಂಗೆ ಎಂತ ಸಿಗ್ತದೆ? ಬಿಲ್ಲು ಬರುದಾ?"

"ನನ್ನ ಬಾವಿ ಇಳಿತಾ ಉಂಟು."

"ಭೂಮಿಯ ಅಡಿಯ ನೀರಿಗೆ ಪಾಗಾರ ಉಂಟಾ ಮಾರಾಯ್ತಿ? ನಾನು ಎಳೆಯದಿದ್ರೆ ಬೇರೆ ಯಾರಾದ್ರೂ ಎಳಿತಾರೆ."

ಥ್ಯಾಂಕ್ಸ್ ಅಂದು ಬಂದೆ. ಅಂದದ್ದು ನಾನೇ. ಹಲ್ಲು ಕಚ್ಚಿ ಕಚ್ಚಿ ಈಗ ದವಡೆ ನೋಯುತ್ತಿದೆ. ಮೂರ್ಖ, ಸೋಮಾರಿ, ಮಸ್ಕತ್ತಿನಲ್ಲಿ ಬಾಟಲಿ ನೀರು ಕೊಂಡು ಕುಡಿದವನು. ಅಲ್ಲಿ ಒಂದು ತೊಟ್ಟು ಚೆಲ್ಲಿರಲಿಕ್ಕಿಲ್ಲ. ಇಲ್ಲಿ ಪುಕ್ಕಟೆ ಎಂದ ಕೂಡಲೇ ಕಣ್ಣು ಕುರುಡಾಯಿತು.

ಮಾರ್ಚ್ 11, ಮಂಗಳವಾರ

ನಮ್ಮ ಮನೆಯ ಹಿಂದಿರುವ ಬಾಡಿಗೆ ಮನೆಯ ರಾಚವ್ವ ಚಾದ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಹಾಲು ಒಡೆದು ಮೊಸರಿನ ಹಾಗೆ ತೇಲುತ್ತಿತ್ತು. "ಹಾಲು ಹಳೇದಲ್ರೀ ಅಕ್ಕಾರ, ಈಗ ತಂದೀನಿ. ನೀರ ಏನೋ ಆಗೈತ್ರೀ." ಬಾವಿಯಿಂದ ಒಂದು ಲೋಟ ಎತ್ತಿ ಕುಡಿದು ನೋಡಿದೆ. ಉಪ್ಪು. ಜಾಸ್ತಿಯಲ್ಲ, ಕಣ್ಣೀರಿನಷ್ಟು.

ಸಿಹಿನೀರು ಕೆಳಗೆ ಇಳಿದರೆ ಸಮುದ್ರದಿಂದ ಹೊಳೆಗೆ ಏರಿದ ಉಪ್ಪು ಒಳಗೆ ಬರುತ್ತದೆ ಎಂದು ಕೇಳಿದ್ದೆ. ನಮ್ಮ ಮನೆಗೆ ಬರಬಹುದೆಂದು ಎಣಿಸಿರಲಿಲ್ಲ. ಗಿಡಗಳ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿದೆ.

ರಾಚವ್ವ ಒಳ್ಳೆಯವಳು. ಗಂಡ ಕಲ್ಲಯ್ಯ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಹೊರಡುವ ಮೊದಲೇ ಅಡುಗೆ ಮುಗಿಸಿ ನನ್ನ ಜೊತೆ ಮೊಗ್ಗು ಕೊಯ್ಯಲು ಬರುತ್ತಾಳೆ. ಗದಗದ ಕಡೆಯವಳು, ಆದರೂ ಬಾಳೆನಾರಿನಲ್ಲಿ ಹೂ ಕಟ್ಟಲು ಇಲ್ಲಿ ಹುಟ್ಟಿದವರಿಗಿಂತ ಚುರುಕು. ನಾನು ಒಂದು ಚೆಂಡು ಕಟ್ಟುವಷ್ಟರಲ್ಲಿ ಅವಳದು ಎರಡಾಗಿರುತ್ತದೆ.

ಪಾಗಾರದ ಆಚೆ ಪಂಪು ಓಡುತ್ತಲೇ ಇತ್ತು. ಇಗರ್ಜಿಯ ವ್ರತ ಇಲ್ಲದಿದ್ದರೆ ಆ ಸ್ಟಾರ್ಟರಿನ ಪೆಟ್ಟಿಗೆಯನ್ನು ಕತ್ತಿಯಿಂದ ಕಡಿದು ಬರುತ್ತಿದ್ದೆ.

ಮಾರ್ಚ್ 14, ಶುಕ್ರವಾರ

ನಿನ್ನೆಯಿಂದ ಕರೆಂಟಿಲ್ಲ. ಕೇರಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಕಂಬದಿಂದ ಇಳಿದು ಬಂದ ಲೈನ್‌ಮನ್ ಹನುಮೇಶನಿಗೆ ಎಳನೀರು ಕೊಟ್ಟು ವಿಚಾರಿಸಿದೆ. ಅವನೂ ರಾಚವ್ವನ ಕಡೆಯವನೇ.

"ಎಲ್ಲಾರ ಪಂಪಿಗೂ ಆಟೋ ಸ್ಟಾರ್ಟರ್ ಐತ್ರೀ ಅಕ್ಕಾರ. ತ್ರೀ ಫೇಸ್ ಬಿಟ್ಟ ಕೂಡ್ಲೇ ಅಷ್ಟೂ ಪಂಪು ಒಮ್ಮೆಲೇ ಎಳೀತಾವ. ಟಿಸಿ ತಡಕೊಳ್ಳಾಂಗಿಲ್ಲ, ಸುಟ್ಟು ಹೋಗ್ತೈತಿ."

"ಹೊಸತು ಯಾವಾಗ ಹಾಕ್ತೀರಿ?"

"ಸ್ಟಾಕ್ ಇಲ್ರೀ. ಪಂಪಿನ ಕರೆಂಟಿನ ರೊಕ್ಕ ಸರ್ಕಾರದಿಂದ ಬರೂದು ತಡಾ ಆಗೈತಂತ. ರೊಕ್ಕ ಬಂದ್ರ ಟಿಸಿ."

ಪುಕ್ಕಟೆ ಎಂಬುದು ಎಷ್ಟು ದುಬಾರಿ ನೋಡಿ. ನಮ್ಮಿಂದ ತೆಗೆದುಕೊಳ್ಳದ ಹಣವನ್ನು ಕರೆಂಟಿನವರು ಬೇರೆ ಕಡೆಯಿಂದ ಎತ್ತಲೇಬೇಕು. ಕಾಪುವಿನಲ್ಲಿ ನನ್ನ ತಮ್ಮ ರೊಸಾರಿಯೊ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಅವನ ಯೂನಿಟ್ಟಿನ ದರ ಕೇಳಿದರೆ ತಲೆ ತಿರುಗುತ್ತದೆ. ಆ ದರದಲ್ಲಿ ಅಕ್ಕಿ ಬೀಸಿಸಿಕೊಂಡು ನಾವೇ ರೊಟ್ಟಿ ತಿನ್ನುವುದು. ಸಿಲ್ವೆಸ್ಟರನ ರಸ್ತೆ ತೊಳೆಯುವ ನೀರಿಗೆ ನನ್ನ ತಟ್ಟೆಯಿಂದ ಹಣ ಹೋಗುತ್ತಿದೆ, ಮೇಲಿಂದ ನನಗೇ ಕತ್ತಲೆ.

ಮಾರ್ಚ್ 20, ಗುರುವಾರ

ಕಾಪುವಿನಲ್ಲಿ ವಿದ್ಯುತ್ ಕಚೇರಿಯವರ ಗ್ರಾಹಕರ ಸಭೆ ಇತ್ತು. ದಲ್ಲಾಳಿಗಳು ಹೂ ಕೊಳ್ಳುವ ಕಟ್ಟೆಗೆ ಚೆಂಡು ಕೊಟ್ಟು ಅಲ್ಲಿಂದಲೇ ಬಸ್ಸು ಹಿಡಿದು ಹೋದೆ. ಎಲ್ಲರೂ ಬೀದಿದೀಪ, ಬಿಲ್ಲಿನ ತಪ್ಪು ಎಂದು ಮಾತಾಡುತ್ತಿದ್ದರು. ನಾನು ಎದ್ದು ನಿಂತೆ.

"ಪಂಪಿಗೆ ಮೀಟರ್ ಹಾಕಿ," ಎಂದೆ. "ಬಡವರಿಗೆ ಬೇಕಾದಷ್ಟು ಪುಕ್ಕಟೆ ಕೊಡಿ, ಅದಕ್ಕಿಂತ ಜಾಸ್ತಿ ಎಳೆದವರಿಂದ ಹಣ ತಗೊಳ್ಳಿ. ಎಲ್ಲಿಯೋ ಕಲ್ಲಿದ್ದಲು ಸುಟ್ಟು, ಯಾರದೋ ಅಂಗಳಕ್ಕೆ ಬೂದಿ ಬೀಳಿಸಿ ಕರೆಂಟು ಮಾಡ್ತೀರಿ. ಆ ಕರೆಂಟಿನಲ್ಲಿ ನಾವು ಸಿಹಿನೀರು ಎತ್ತಿ ಚರಂಡಿಗೆ ಬಿಡ್ತೇವೆ. ನಮ್ಮ ಬಾವಿಗೆ ಉಪ್ಪು ಬಂದಿದೆ. ಇದಕ್ಕೆ ಯಾರು ಜವಾಬ್ದಾರಿ?"

ಹಿಂದಿನಿಂದ ಒಬ್ಬ, "ನಿಮಗೆ ಪಂಪು ಇಲ್ವಾ ಬಾಯಿ?" ಎಂದು ಕೇಳಿದ. ಉಂಟು, ನನ್ನದರಿಂದಲೇ ಶುರು ಮಾಡಲಿ ಎಂದೆ. ಅಶ್ವಿನಿ ಎಂಬ ಹುಡುಗಿ ಈಗ ನಮ್ಮ ಕಡೆಗೆ ಆಫೀಸರಾಗಿ ಬಂದಿದ್ದಾಳೆ. ಅವಳು ತಲೆ ಎತ್ತಿ ನನ್ನನ್ನು ನೋಡಿ ಏನೋ ಬರೆದುಕೊಂಡಳು.

ಸಿಲ್ವೆಸ್ಟರನೂ ಅಲ್ಲಿದ್ದ. ಮುಖ ಮೆಣಸಿನಕಾಯಿ ಆಗಿತ್ತು. ನಾನು ಅವನಿಗೆ ಬೈಯಲಿಲ್ಲ, ಸರಕಾರಕ್ಕೆ ಬೈದೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮಾರ್ಚ್ 25, ಮಂಗಳವಾರ

ಟ್ರಾನ್ಸ್‌ಫಾರ್ಮರ್ ಬಂತು, ಅದರ ಹಿಂದೆಯೇ ಸಿಲ್ವೆಸ್ಟರನ ಪಂಪೂ ಪುನಃ ಶುರುವಾಯಿತು. ಸಭೆಯಿಂದ ಎಂತದೂ ಆಗಲಿಲ್ಲ. ಗಿಡಗಳ ಎಲೆ ಉದುರುತ್ತಿದೆ, ಇವತ್ತು ಅರ್ಧ ಚೆಂಡೂ ಆಗಲಿಲ್ಲ. ಕಟ್ಟೆಯಲ್ಲಿ ರೇಟು ಏರಿದೆ. ರೇಟು ಏರಿದಾಗಲೇ ನನ್ನಲ್ಲಿ ಹೂವಿಲ್ಲ. ನಾನು ನಿಯತ್ತಿನಿಂದ ಪಂಪು ಬಂದ್ ಮಾಡುತ್ತಾ ಬಂದದ್ದಕ್ಕೆ ಇದು ಬಹುಮಾನ.

ನಾನು ಉಳಿಸಿದ ನೀರು ನನ್ನ ಬಾವಿಯಲ್ಲಿ ಉಳಿಯುತ್ತದೆಯೇ? ಪಾಗಾರದ ಅಡಿಯಿಂದ ಆಚೆ ಹೋಗಿ ರಸ್ತೆ ತೊಳೆಯುತ್ತದೆ. ಹಾಗಾದರೆ ನಾನು ಉಳಿಸುವುದು ಯಾರಿಗೆ? ಇದನ್ನು ಲಿಯೋನೆಲ್‌ಗೆ ಫೋನಿನಲ್ಲಿ ಕೇಳಿದೆ. ಅವರು, "ಗೊತ್ತಿಲ್ಲ ತೆರೆಸಾ, ಇಲ್ಲಿ ಇನ್ನೂರು ಜನಕ್ಕೆ ಇಡ್ಲಿ ಆಗ್ಬೇಕು" ಎಂದು ಇಟ್ಟರು.

ಮಾರ್ಚ್ 29, ಶನಿವಾರ

ಬೋರ್ ಕೊರೆಸಿದೆ. ಸೊಸೈಟಿಯಲ್ಲಿ ಸಾಲ ಸಿಕ್ಕಿತು. ನೀರು ನೋಡುವವರು ಗೇಟಿನ ಬದಿಯಲ್ಲೇ ಜಾಗ ತೋರಿದ್ದರಿಂದ ಬೋರಿನ ಲಾರಿಗೆ ಕಷ್ಟವಾಗಲಿಲ್ಲ. ನೀರು ಮೇಲಕ್ಕೆ ಹಾರಿದಾಗ ರಾಚವ್ವ ಕೈಮುಗಿದಳು, ನಾನು ಬಾಯಿಗೆ ಹಿಡಿದೆ. ಸಿಹಿ. ಇಷ್ಟು ದಿನ ಇದು ನನ್ನ ಕಾಲಡಿಯಲ್ಲೇ ಇತ್ತು, ನಾನು ಕೊಡಪಾನ ಹಿಡಿದು ಅಳುತ್ತಾ ಕೂತಿದ್ದೆ.

ಪಂಪಿನವನು ಏಳೂವರೆ ಎಚ್‌ಪಿ ಇಳಿಸಿದ. ಕಡಿಮೆ ಸಾಕಾಗುತ್ತಿತ್ತು, ಆದರೆ ಬಿಲ್ಲಿಲ್ಲದ ಮೇಲೆ ಸಣ್ಣದು ಯಾಕೆ ಎಂದ. ನ್ಯಾಯವೇ. ಹಳೆಯ ಕನೆಕ್ಷನ್ನಿಗೇ ಜೋಡಿಸಿದೆವು.

ಏಪ್ರಿಲ್ 4, ಶುಕ್ರವಾರ

ಗಿಡಗಳು ಚಿಗುರಿವೆ. ಬೆಳ್ಳಗಿನ ಮೊಗ್ಗು ನೋಡಿ ಕಣ್ಣು ತುಂಬಿತು. ಕಟ್ಟೆಯಲ್ಲಿ, ತೆರೆಸಾ ಬಾಯಿಯ ಹೂ ಪುನಃ ಬಂತು ಎಂದರು.

ಮೊಗ್ಗು ಕೊಯ್ಯುವಾಗ, ಹೂ ಕಟ್ಟುವಾಗ ಎದ್ದು ಹೋಗಿ ಸ್ವಿಚ್ಚು ಹಾಕುವುದು ದೊಡ್ಡ ಉಪದ್ರವ. ಕರೆಂಟು ಬರುವ ಹೊತ್ತಿಗೆ ತಲೆಬುಡವಿಲ್ಲ. ಆದ್ದರಿಂದ ಆಟೋ ಸ್ಟಾರ್ಟರ್ ಹಾಕಿಸಿದೆ. ಯಾವುದು ಒಳ್ಳೆಯದೆಂದು ಸಿಲ್ವೆಸ್ಟರ್ ಬಾಬ್ ಪಾಗಾರದ ಆಚೆಯಿಂದಲೇ ಹೇಳಿದರು. ಅವರದೇ ಮಾಡೆಲ್ ತಂದದ್ದು. ನಂತರ ಅವರ ಹೆಂಡತಿ ಒಂದು ಹಲಸಿನಕಾಯಿ ಕಳಿಸಿದರು.

ನಮ್ಮ ಟಾಂಕಿ ಸಣ್ಣದು, ಬೇಗ ತುಂಬುತ್ತದೆ. ಉಳಿದ ನೀರು ಅಂಗಳದಲ್ಲೇ ಇಂಗುತ್ತದೆ, ಸ್ವಲ್ಪ ರಸ್ತೆಗೂ ಹೋಗುತ್ತದೆ. ಇಂಗಿದ ನೀರು ಪುನಃ ಭೂಮಿಗೇ ತಾನೇ.

ಏಪ್ರಿಲ್ 9, ಬುಧವಾರ

ಬಾವಿಯಲ್ಲಿ ಹಗ್ಗ ಮುಟ್ಟುವುದಿಲ್ಲ, ಮುಟ್ಟಿದರೂ ಉಪ್ಪು ಎಂದು ರಾಚವ್ವ ರಾಗ ತೆಗೆದಳು. ಹಗ್ಗ ಉದ್ದ ಮಾಡಿಕೋ ಎಂದೆ. "ಉಪ್ಪು ಹೆಚ್ಚಾಗೈತ್ರೀ ಅಕ್ಕಾರ. ಬೋರಿನ ನೀರು ಎರಡು ಕೊಡ ಬಿಡ್ರಿ, ಕುಡ್ಯಾಕ." ಬಿಡುವುದಿಲ್ಲ ಎಂದಿಲ್ಲ ನಾನು. ಬಿಸಿಲಿನ ಕಾಲ ಕಳೆಯುವವರೆಗೆ ಗಿಡಗಳಿಗೆ ಮೊದಲು, ಉಳಿದರೆ ನೋಡುವ ಎಂದೆ. ಎರಡು ಕೊಡ ಎಂದು ಶುರುವಾದದ್ದು ನಾಳೆ ಬಟ್ಟೆ ಒಗೆಯಲೂ ಬರುತ್ತದೆ. ಈ ಜನರಿಗೆ ಬಾಡಿಗೆಗೆ ಮನೆ ಕೊಟ್ಟರೆ ನೀರಿಗೂ ನಾವೇ ಹೊಣೆ.

"ಪಂಪು ಸ್ವಲ್ಪ ನಿಲ್ಸಿದ್ರ ಬಾವಿ ಮ್ಯಾಲೆ ಬರ್ತೈತೇನ್ರೀ," ಎಂದಳು. ನಾನು ನಿಲ್ಲಿಸಿದರೆ ಆಚೆಯವರು ಎಳೆಯುತ್ತಾರೆ, ಅಷ್ಟೂ ಅರ್ಥವಾಗುವುದಿಲ್ಲ ಅವಳಿಗೆ. ತಲೆನೋವು ಬಂತು. ಹೂ ಕಟ್ಟುವಾಗ ಅವಳ ನಾರು ಪದೇ ಪದೇ ತುಂಡಾಗುತ್ತಿತ್ತು, ಬೇಕೆಂದೇ ಎಳೆಯುತ್ತಿದ್ದಳೋ ಏನೋ.

ಏಪ್ರಿಲ್ 15, ಮಂಗಳವಾರ

ಪವಿತ್ರ ವಾರದಲ್ಲಿ ಇಂಥದ್ದು ಆಗಬೇಕೇ.

ಬೆಳಿಗ್ಗೆ ಜೀಪು ಬಂದು ನಿಂತಿತು. ಆ ಅಶ್ವಿನಿ ಇಳಿದಳು, ಹಿಂದೆ ಹನುಮೇಶ ಒಂದು ಪೆಟ್ಟಿಗೆ ಹಿಡಿದುಕೊಂಡು. ಪಂಪಿಗೆ ಮೀಟರಂತೆ. ಇಡೀ ಊರು ಬಿಟ್ಟು ನನ್ನ ಮನೆಗೆ ಮೊದಲು.

"ಯಾರು ದೂರು ಕೊಟ್ಟದ್ದು ನನ್ನ ಮೇಲೆ?" ಎಂದು ಕೇಳಿದೆ.

"ದೂರಲ್ಲ ಅಮ್ಮ. ಕಾಪುವಿನ ಸಭೆಯಲ್ಲಿ ನೀವೇ ಅಲ್ವಾ ಹೇಳಿದ್ದು, ನನ್ನದರಿಂದಲೇ ಶುರು ಮಾಡಿ ಅಂತ? ಮೇಲಿನವರು ಒಪ್ಪಿದ್ದಾರೆ. ಈಗ ಬಿಲ್ಲು ಇಲ್ಲ, ಎಷ್ಟು ಖರ್ಚಾಗ್ತದೆ ಅಂತ ನೋಡ್ಲಿಕ್ಕೆ ಮಾತ್ರ."

ಈಗ ಬಿಲ್ಲು ಇಲ್ಲವಂತೆ. ಮೀಟರು ಹಾಕುವವರು ಲೆಕ್ಕ ಮಾಡಿ ಮನೆಯಲ್ಲಿ ಚೌಕಟ್ಟು ಹಾಕಿಸಿ ಇಡುತ್ತಾರೆಯೇ? ನಾಳೆ ಬಿಲ್ಲು ಬಂದೇ ಬರುತ್ತದೆ. ಸಭೆಯಲ್ಲಿ ನಾನು ಹೇಳಿದ್ದು ಜಾಸ್ತಿ ಎಳೆಯುವವರ ವಿಷಯ. ಸರಿಯಾಗಿ ಕೇಳಿಸಿಕೊಳ್ಳದೆ ಬರೆದುಕೊಂಡು ಹೋದರೆ ನಾನು ಎಂತ ಮಾಡಲಿ. ಅದನ್ನೇ ಹೇಳಿದೆ.

ಅವಳು ಗೇಟಿನ ಆಚೆಯಿಂದಲೇ ಬಗ್ಗಿ ಬೋರನ್ನು ನೋಡಿದಳು. "ಎರಡು ಎಚ್‌ಪಿಯ ಕನೆಕ್ಷನ್ ಅಲ್ವಾ ಇದು? ಈ ಪಂಪು ಅಷ್ಟೇ ಇಲ್ಲ ಅಂತ ಕಾಣ್ತದೆ."

ಅಷ್ಟರಲ್ಲಿ ಸಿಲ್ವೆಸ್ಟರ್ ಬಾಬ್ ಲುಂಗಿ ಎತ್ತಿ ಕಟ್ಟಿಕೊಂಡು ಬಂದರು. ಬೆಳೆಯುವವರ ಹೊಟ್ಟೆಗೆ ಹೊಡೆಯಲು ಬಂದದ್ದಾ ಎಂದು ಕೇಳಿದರು. ಅವರು ಗೇಟಿಗೆ ಅಡ್ಡ ನಿಂತರು, ಅವರ ಬದಿಯಲ್ಲಿ ನಾನೂ ನಿಂತೆ. ನನ್ನ ಕೈಯಲ್ಲಿ ಹಿಡಿಸೂಡಿ ಇತ್ತು, ಅಂಗಳ ಗುಡಿಸುತ್ತಿದ್ದೆನಲ್ಲ. ಹುಡುಗಿ ತಿರುಗಿ ಜೀಪು ಹತ್ತಿದಳು. ಹನುಮೇಶ ಪೆಟ್ಟಿಗೆ ಹೊತ್ತು ಹಿಂದೆ ಹೋದ. ಅಂದು ನನ್ನ ಎಳನೀರು ಕುಡಿದವನು.

ನೆಟ್ಟಗೆ ನಿಲ್ಲುವ ಒಬ್ಬ ಮನುಷ್ಯ ಪಾಗಾರದ ಆಚೆ ಇದ್ದದ್ದು ದೊಡ್ಡ ಬಲವಾಯಿತು. ರಾಚವ್ವ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಈಚೆ ಬರಲೇ ಇಲ್ಲ.

ಏಪ್ರಿಲ್ 20, ಈಸ್ಟರ್

ವ್ರತ ಗೆದ್ದೆ. ಬೂದಿ ಬುಧವಾರದಿಂದ ಇವತ್ತಿನವರೆಗೆ ಸಿಲ್ವೆಸ್ಟರ್ ಬಾಬ್‌ಗೆ ಒಂದು ಕೆಟ್ಟ ಮಾತು ಆಡಿಲ್ಲ. ಮಧ್ಯಾಹ್ನ ಅವರ ಮನೆಯವರೆಲ್ಲ ನಮ್ಮಲ್ಲೇ ಊಟ ಮಾಡಿದರು. ಕೋಳಿ ಸುಕ್ಕ, ರೊಟ್ಟಿ. ಹಬ್ಬ ಎಂದರೆ ಹೀಗಿರಬೇಕು.

ಅವರು ಹೋದ ಮೇಲೆ ಲಿಯೋನೆಲ್ ಬಿಟ್ಟಿದ್ದ ಪೆಗ್ಗನ್ನು ಸುರಿದುಕೊಂಡರು. "ನಾನು ಬಿಟ್ಟದ್ದನ್ನು ಪುನಃ ಶುರು ಮಾಡಿದೆ. ನೀನು ಯಾವಾಗ ಶುರು ಮಾಡ್ತೀ?" ಎಂದು ಕೇಳಿದರು.

ತಮಾಷೆಗೆ ಹೇಳಿದ್ದೆಂದು ನಗಲು ಹೊರಟೆ. ಅವರು ನಗುತ್ತಿರಲಿಲ್ಲ. ಈ ಗಂಡಸರಿಗೆ ಜಗಳವಾಡಿದರೂ ಕಷ್ಟ, ಆಡದಿದ್ದರೂ ಕಷ್ಟ. ಪಾತ್ರೆಗಳನ್ನು ಜೋರಾಗಿ ಬಡಿದು ತೊಳೆದಿಟ್ಟೆ.

ಏಪ್ರಿಲ್ 28, ಸೋಮವಾರ

ರಾಚವ್ವ ಮನೆ ಬಿಟ್ಟಳು. ಮುಂಚಿತವಾಗಿ ಒಂದು ಮಾತು ಹೇಳಲಿಲ್ಲ. ಮೊಗ್ಗು ಕೊಯ್ಯಲು ಬರುತ್ತಾಳೆಂದು ನಾನು ಬುಟ್ಟಿ ಹಿಡಿದು ಕಾಯುತ್ತಿದ್ದರೆ, ಕಲ್ಲಯ್ಯ ಟೆಂಪೋಗೆ ಟ್ರಂಕು ಏರಿಸುತ್ತಿದ್ದ.

"ಬ್ಯಾಳಿ ಬೇಯವಲ್ದ್ರೀ ಅಕ್ಕಾರ," ಎಂದಳು. "ಗ್ಯಾಸ್ ತೀರಿದ್ರೂ ಕಾಳು ಕಾಳಾಗೇ ಇರ್ತಾವ. ಮೈ ತೊಳಕೊಂಡ್ರ ತುರಿಸ್ತೈತಿ. ಅಂಬಲಪಾಡಿಯಾಗ ನಳದ ನೀರಿನ ಖೋಲಿ ಸಿಕ್ಕೈತ್ರೀ."

"ಮದುವೆಯ ಸೀಸನ್ನಿನಲ್ಲಿ ನಡುವೆ ಬಿಟ್ಟು ಹೋಗುದಾ? ಹೂ ಕಟ್ಟುದು ಯಾರು?"

ಅವಳು ನಿಂತಳು. ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಉತ್ತರ ಕೊಡಬಹುದಿತ್ತು. "ನೀರು ಗಿಡಕ್ಕ ಮೊದಲು ಅಂದ್ರಲ್ರೀ. ನಾವು ಮನಿಷ್ಯಾರು, ಬ್ಯಾರೆ ಕಡೆ ಹೋಗಿ ಕುಡೀತೀವಿ. ಗಿಡ ಎಲ್ಲಿಗೆ ಹೋಗ್ತಾವ," ಎಂದು ಹೇಳಿ ಟೆಂಪೋ ಹತ್ತಿದಳು.

ಕೃತಜ್ಞತೆ ಇಲ್ಲದ ಹೆಂಗಸು. ಹೂ ಕಟ್ಟುವುದನ್ನು ಇವಳಿಗೆ ಕಲಿಸಿದ್ದೇ ನಾನು. ಇವತ್ತು ಒಬ್ಬಳೇ ಕಟ್ಟಿ ಮುಗಿಸುವಾಗ ಅರ್ಧ ಮೊಗ್ಗು ಅರಳಿತು. ಅರಳಿದ್ದನ್ನು ಕಟ್ಟೆಯವರು ತೆಗೆದುಕೊಳ್ಳಲಿಲ್ಲ.

ಮೇ 6, ಮಂಗಳವಾರ

ಗಿಡಗಳ ಬುಡದಲ್ಲಿ ಬಿಳಿ ಪುಡಿ ಕಾಣಿಸಿತು. ಗೊಬ್ಬರವಲ್ಲ ಎನಿಸಿ ನಾಲಿಗೆಗೆ ಮುಟ್ಟಿಸಿದೆ. ಬೋರಿನ ನೀರಿಗೂ ಉಪ್ಪು ಬಂದಿದೆ. ಎಲೆಗಳು ಹಪ್ಪಳದ ಹಾಗೆ ಮುರಿಯುತ್ತವೆ.

ಸಿಲ್ವೆಸ್ಟರ್ ಬಾಬ್ ಅವರದೂ ಹಾಗೆಯೇ ಅಂತೆ. ತೆಂಗಿನ ಎಳೆ ಕಾಯಿಗಳು ಉದುರುತ್ತಿವೆ. ಎಲ್ಲ ಆಚೆ ಕೇರಿಯವರಿಂದ, ಅಲ್ಲಿ ಒಂದೊಂದು ಮನೆಗೆ ಒಂದೊಂದು ಬೋರು, ಹಗಲಿಡೀ ಎಳೆಯುತ್ತಾರೆ, ಕೇಳುವವರಿಲ್ಲ ಎಂದರು. ಅಂಥವರಿಗೆ ಮೊದಲು ಮೀಟರ್ ಹಾಕಬೇಕು. ಆ ಹುಡುಗಿ ಅಲ್ಲಿಗೆ ಹೋಗಲಿ ನೋಡುವ, ಧೈರ್ಯ ಇದ್ದರೆ.

ಇನ್ನೂ ಆಳಕ್ಕೆ ಹೋದರೆ ಬಂಡೆಯ ಅಡಿಯಲ್ಲಿ ಸಿಹಿ ಸಿಗುತ್ತದಂತೆ. ಇಬ್ಬರೂ ಒಟ್ಟಿಗೆ ಕೊರೆಸಿದರೆ ಲಾರಿಯ ಖರ್ಚು ಅರ್ಧ. ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ, ಗಿಡಗಳು ಕಣ್ಣೆದುರೇ ಸಾಯುತ್ತಿವೆ.

ಮೇ 12, ಸೋಮವಾರ

ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ಬಂದಿದ್ದರು. ಕಾಯಿ ಎದ್ದು ನಿಂತದ್ದು ಮನೆಯ ಹಿಂದೆ, ಖಾಲಿ ಬಿದ್ದ ಬಾಡಿಗೆ ಮನೆಯ ಹತ್ತಿರ. ನೀರಿನ ಸೆಲೆ ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲವೆಂದರು.

ಅಲ್ಲಿಗೆ ಬೋರಿನ ಲಾರಿ ಹೋಗಬೇಕಾದರೆ ಅಂಗಳವನ್ನು ದಾಟಿಯೇ ಹೋಗಬೇಕು. ಡ್ರೈವರ್ ಇಳಿದು ಮಲ್ಲಿಗೆ ಗಿಡಗಳ ಸಾಲನ್ನು ನೋಡಿ, "ಇದು ತೆಗೀಬೇಕು ಅಮ್ಮ, ಗಾಡಿ ತಿರುಗುದಿಲ್ಲ," ಎಂದ. ಒಂದು ಸಾಲು ಸಾಕೆಂದುಕೊಂಡೆ. ಲಾರಿಯ ಹಿಂದೆ ಕಂಪ್ರೆಸರಿನ ಗಾಡಿಯೂ ಬರಬೇಕಂತೆ. ಗಂಟೆಗಿಷ್ಟು ಎಂದು ಬಾಡಿಗೆ ಏರುತ್ತಿತ್ತು, ಯೋಚಿಸುತ್ತಾ ನಿಲ್ಲಲು ಸಮಯವೆಲ್ಲಿ. ಪಿಕಾಸಿ ತಂದು ನಾನೇ ಶುರು ಮಾಡಿದೆ. ಸಿಲ್ವೆಸ್ಟರ್ ಬಾಬ್ ಅವರ ಆಳು ಜೊತೆಗೆ ಬಂದ. ಬೇರುಗಳು ಬಹಳ ಕೆಳಗೆ ಹೋಗಿದ್ದವು, ಕೆಲವಕ್ಕೆ ಇಬ್ಬರೂ ಸೇರಿ ಎಳೆಯಬೇಕಾಯಿತು. ಕಿತ್ತ ಗಿಡಗಳಲ್ಲಿ ಅಲ್ಲಲ್ಲಿ ಮೊಗ್ಗಿತ್ತು. ಎಲ್ಲವನ್ನೂ ಪಾಗಾರದ ಬುಡಕ್ಕೆ ರಾಶಿ ಹಾಕಿದೆವು. ಲಾರಿ ಸಲೀಸಾಗಿ ಹಿಂದಕ್ಕೆ ಹೋಯಿತು.

ಲಿಯೋನೆಲ್ ರಜೆ ಹಾಕಿ ಬಂದಿದ್ದರು. ಒಂದು ಕೈ ಹಾಕಲಿಲ್ಲ, ಮೆಟ್ಟಿಲ ಮೇಲೆ ಕೂತೇ ಇದ್ದರು. ಬೋರು ಶುರುವಾಗಿ ಮನೆಯೊಳಗೆಲ್ಲ ಬಿಳಿ ಧೂಳು ತುಂಬುವಾಗ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೂಗಿ ಕೇಳಿದರು, "ಈಗ ನೀರು ಯಾವುದಕ್ಕೆ ತೆರೆಸಾ?"

ನನಗೆ ಸಿಟ್ಟು ನೆತ್ತಿಗೇರಿತು. ಬಚ್ಚಲ ಗೋಡೆಯ ಹತ್ತಿರ ಎರಡು ಗಿಡ ಉಳಿದದ್ದು ಇವರ ಕಣ್ಣಿಗೆ ಕಾಣುವುದಿಲ್ಲವೇ? ಅವಕ್ಕೆ ಬೇಡವೇ ನೀರು?